ಖಾಲಿ ಹಡಗಿನ ಲೆಕ್ಕ

ಕಚ್ಚಾ ತೈಲ ಇಳಿಸಿ ವಾಪಸ್ ಹೊರಡುವ ಟ್ಯಾಂಕರ್‌ನ ಹೊಟ್ಟೆಯಲ್ಲಿ ಇರುವುದು ಸಮುದ್ರದ ನೀರು. ಹಡಗು ಓಲಾಡದಿರಲಿ ಎಂದು ತುಂಬಿಕೊಂಡ ಆ ನೀರಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಯಶವಂತಪುರದ ಮಂಡಿಗೆ ಈರುಳ್ಳಿ ಹೊಡೆದ ಲಾರಿಯವನಾದರೆ ರಿಟರ್ನ್ ಲೋಡ್ ಹುಡುಕಿಕೊಂಡಾನು. ತೈಲದ ಹಡಗಿಗೆ ಆ ಭಾಗ್ಯ ಅಪರೂಪ.

ಈ ಖಾಲಿ ಓಡಾಟವನ್ನು ಗಣಿತಕ್ಕೆ ಎಳೆತಂದವರು ಡಚ್ ಅರ್ಥಶಾಸ್ತ್ರಜ್ಞ ಚಾಲಿಂಗ್ ಕೂಪ್‌ಮನ್ಸ್. ಟ್ಯಾಂಕರ್ ಬಾಡಿಗೆಯ ಏರಿಳಿತದ ಮೇಲೆ 1939ರಲ್ಲೇ ಪುಸ್ತಕ ಬರೆದಿದ್ದರು. 1942ರಲ್ಲಿ, ಜರ್ಮನ್ ಸಬ್‌ಮರೀನ್‌ಗಳು ಹಡಗು ಮುಳುಗಿಸುತ್ತಿದ್ದಾಗ, ವಾಷಿಂಗ್ಟನ್‌ನಲ್ಲಿ ಮಿತ್ರರಾಷ್ಟ್ರಗಳ ಸರಕು ಹಡಗುಗಳ ಲೆಕ್ಕ ನೋಡುವ ಕೆಲಸ ಅವರ ಪಾಲಿಗೆ ಬಂತು. ಒಂದು ಮಾರ್ಗಕ್ಕೆ ಇನ್ನೊಂದು ಹಡಗು ಬಿಟ್ಟರೆ ನಿಜವಾದ ಖರ್ಚೆಷ್ಟು? ಸರಕು ಇಳಿಸಿದ ಮೇಲೆ ಅದು ಖಾಲಿಯಾಗಿ ಎಲ್ಲಿಗೆ ಓಡಬೇಕು ಎಂಬುದು ಸೇರದೆ ಉತ್ತರ ಪೂರ್ತಿಯಾಗದು ಎಂದು ತೋರಿಸಿದರು. 1954ರಲ್ಲಿ ಅಮೆರಿಕದ ಗಣಿತಜ್ಞರಾದ ಡಾಂಟ್ಸಿಗ್ ಮತ್ತು ಫುಲ್ಕರ್ಸನ್, ವೇಳಾಪಟ್ಟಿ ತಪ್ಪದಂತೆ ಕನಿಷ್ಠ ಎಷ್ಟು ಟ್ಯಾಂಕರ್ ಸಾಕು ಎಂದು ಕಂಡುಹಿಡಿಯುವ ದಾರಿ ಕೊಟ್ಟರು. ಇಂಥ ಹಂಚಿಕೆಯ ಲೆಕ್ಕಕ್ಕೇ 1975ರಲ್ಲಿ ಕೂಪ್‌ಮನ್ಸ್‌ಗೆ ನೊಬೆಲ್ ಬಂತು, ಡಾಂಟ್ಸಿಗ್‌ಗೆ ಬರಲೇ ಇಲ್ಲ. ಅನ್ಯಾಯವೇ ಸರಿ.

ಆದರೆ ಸೂತ್ರಕ್ಕೆ ಬಿರುಗಾಳಿ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನೊಳಗೇ ಹಡಗು ಓಡಿಸಿ ನೋಡುವುದು. 1961ರಲ್ಲಿ ಐಬಿಎಂನ ಜೆಫ್ರಿ ಗಾರ್ಡನ್ ಇದಕ್ಕೆಂದೇ ಜಿಪಿಎಸ್‌ಎಸ್ ಎಂಬ ಭಾಷೆ ಕಟ್ಟಿದರು. 1974ರಲ್ಲಿ ಥಾಮಸ್ ಶ್ರೈಬರ್ ಆ ಭಾಷೆಯ ಪಠ್ಯಪುಸ್ತಕದಲ್ಲಿ ಕೊಟ್ಟ ಲೆಕ್ಕವೊಂದನ್ನು ಆಮೇಲೆ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಬಿಡಿಸಿದ್ದಾರೆ. ಆಫ್ರಿಕದ ಒಂದು ಬಂದರು. ಒಟ್ಟಿಗೆ ಮೂರು ಟ್ಯಾಂಕರ್ ತುಂಬಬಹುದು. ಆದರೆ ಒಳಗೆ ಎಳೆದು ತರಲು, ಹೊರಗೆ ಬಿಡಲು ಇರುವುದು ಒಂದೇ ಟಗ್ ದೋಣಿ. ಗಾಳಿ ಎದ್ದರೆ ಅದೂ ಕೂತುಬಿಡುತ್ತದೆ. ಕಂಪ್ಯೂಟರ್‌ನ ಗಡಿಯಾರ ನಿಮಿಷ ಎಣಿಸುತ್ತ ಕೂರುವುದಿಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತದೆ: ಹಡಗು ಬಂತು, ಸಾಲಲ್ಲಿ ನಿಂತಿತು, ಗಾಳಿ ಎದ್ದಿತು.

ಆ ಪುಸ್ತಕ ಬರುವ ಹಿಂದಿನ ವರ್ಷವೇ ಇಂಥ ಲೆಕ್ಕ ತರಗತಿಯಿಂದ ಹೊರಬಿದ್ದಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕ, ನೆದರ್ಲೆಂಡ್ಸ್‌ಗೆ ತೈಲ ನಿಲ್ಲಿಸಿದವು. ಸೂಯೆಜ್ ಕಾಲುವೆ 1967ರಿಂದ ಮುಚ್ಚಿಯೇ ಇತ್ತು. ಅದಾಗಲೇ ಹೊರಟಿದ್ದ ಹಡಗುಗಳು ಇನ್ನೂ ವಾರಗಟ್ಟಲೆ ಬಂದು ಮುಟ್ಟುತ್ತಲೇ ಇದ್ದವು. ಅಷ್ಟರಲ್ಲಿ ತೈಲ ಕಂಪನಿಗಳು ಅರಬ್ ತೈಲವನ್ನು ಬೇರೆಯವರಿಗೆ ತಿರುಗಿಸಿ, ಬೇರೆ ಕಡೆಯದನ್ನು ಅಮೆರಿಕದತ್ತ ಕಳಿಸಿದವು. 1974ರ ನವೆಂಬರ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಸದಸ್ಯ ರಾಷ್ಟ್ರಗಳು 90 ದಿನದ ಆಮದಿನಷ್ಟು ತೈಲ ಕೂಡಿಡಬೇಕೆಂಬ ನಿಯಮಕ್ಕೆ ಆಮೇಲೆ ಬಂತು.

ಯಾಕೆ ಕೂಡಿಡಬೇಕು? ಒಂದು ಊಹೆಯ ಬಂದರು ತೆಗೆದುಕೊಳ್ಳಿ. ಎರಡು ದಿನಕ್ಕೊಂದು ದೊಡ್ಡ ಟ್ಯಾಂಕರ್ ಬರಬೇಕು, ತಲಾ 20 ಲಕ್ಷ ಬ್ಯಾರೆಲ್. ಹೋಗಲು 20 ದಿನ, ಬರಲು 20, ತುಂಬಲು ಇಳಿಸಲು 4. ಒಂದು ಸುತ್ತಿಗೆ 44 ದಿನ, ಅಂದರೆ 22 ಹಡಗು. ಕಾಲುವೆ ಮುಚ್ಚಿ ಆಫ್ರಿಕದ ತುದಿ ಸುತ್ತಬೇಕಾಯಿತು, ಹಾದಿ 33 ದಿನ ಆಯಿತು ಎನ್ನಿ. ಈಗ 35 ಹಡಗು ಬೇಕು. ಬಾವಿಯಲ್ಲಿ ತೈಲ ಒಂದು ಹನಿಯೂ ಕಡಿಮೆಯಾಗಿಲ್ಲ! ಆ 13 ಹಡಗನ್ನು ಹೇಗೋ ಹೊಂದಿಸಿದರೂ, ಹಳೆ ದಾರಿಯ ಕೊನೆಯ ಹಡಗು ಬಂದ ಮೇಲೆ ಹೊಸ ದಾರಿಯ ಮೊದಲನೆಯದು ಮುಟ್ಟುವ ತನಕ ಹತ್ತಿರ ಹತ್ತಿರ ಎರಡು ವಾರ ಬಂದರು ಬಣಗುಡುತ್ತದೆ. ತಿಂಗಳ ಸರಾಸರಿಯಲ್ಲಿ ಈ ಹಳ್ಳ ಮುಚ್ಚಿಹೋಗುತ್ತದೆ. ಹಡಗು ಹಡಗಾಗಿ ಓಡಿಸಿ ನೋಡುವ ಸಿಮ್ಯುಲೇಷನ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಅಂಥ ಹಳ್ಳ ತುಂಬಲು ನಮ್ಮಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಿವೆ. ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಸೇರಿ 53.3 ಲಕ್ಷ ಟನ್ ಹಿಡಿಯುತ್ತವೆ. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಕರಾವಳಿಯದೇ. ತುಂಬಿದ್ದರೆ, 2019-20ರ ಬಳಕೆಯ ಲೆಕ್ಕದಲ್ಲಿ, ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಕಚ್ಚಾ ತೈಲ. ಕೊಲ್ಲಿಯ ತೈಲ ಹೊರಬರುವ ಹೊರ್ಮುಜ್ ಜಲಸಂಧಿಯಿಂದ ಮಂಗಳೂರಿಗೆ ಟ್ಯಾಂಕರ್ ನಾಲ್ಕೈದು ದಿನದ ದಾರಿ. ಹತ್ತಿರವೇ. ಆದರೆ ಸೂಯೆಜ್ ಮುಚ್ಚಿದರೆ ಸುತ್ತಿ ಬರಲು ಆಫ್ರಿಕದ ತುದಿ ಇದೆ. ಕುವೈತ್‌ನಲ್ಲಿ ತುಂಬಿಕೊಂಡ ಹಡಗಿಗೆ ಹೊರ್ಮುಜ್ ಬಿಟ್ಟು ಹೊರಬರಲು ಬೇರೆ ನೀರೇ ಇಲ್ಲ.