ಹೆಸರಿನ ಬೆಲೆ ಯಾರ ಕೈಗೆ?

ಬೀದರಿನ ಕುಶಲಕರ್ಮಿ ಸತು-ತಾಮ್ರ ಬೆರೆತ ಹೂಜಿಯಲ್ಲಿ ಬೆಳ್ಳಿ ಎಳೆ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣಕ್ಕೆ ಹಾಕುತ್ತಾನೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಹಿಂದೆ ನವಾಬರ ಹುಕ್ಕಾ, ಪಾನದಾನಿಗಳಿಗೆ ಬೇಡಿಕೆಯಿತ್ತು. ಈಗ ಹೂದಾನಿ, ಆಭರಣ, ಪೆನ್ನುಗಳಿಗೆ.

ಫ್ರಾನ್ಸಿನ ಐಷಾರಾಮಿ ಕಂಪನಿ ಎಲ್‌ವಿಎಂಎಚ್ ಕೂಡ ಮದ್ಯ, ಸುಗಂಧದ್ರವ್ಯ, ಗಡಿಯಾರ, ಕೈಚೀಲ ಎಲ್ಲವನ್ನೂ ಮಾರುತ್ತದೆ. ಆದರೆ 2023ರ 8,620 ಕೋಟಿ ಯೂರೋ ವರಮಾನದಲ್ಲಿ ಸುಮಾರು ಅರ್ಧ ಬಂದದ್ದು ಉಡುಪು ಮತ್ತು ಚರ್ಮದ ವಸ್ತುಗಳಿಂದ. ಅದರ ಹೆಸರಾಂತ ಕೈಚೀಲಗಳು ಕಂಪನಿಯದೇ ಮಳಿಗೆಗಳಲ್ಲಿ ಸಿಗುತ್ತವೆ. ಹಾಗಾಗಿ ಬೆಲೆ ನಿಗದಿಯೂ ಲಾಭವೂ ಅದರದೇ.

ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ದೊರೆತು, ಹೆಸರು ಊರಿನದಾಯಿತು. ಮಾರುವ ಮಳಿಗೆಯೂ ಕುಶಲಕರ್ಮಿಯದಾದರೆ ಮಾತ್ರ ಆ ಹೆಸರಿನ ಬೆಲೆ ಅವನ ಕೈ ಸೇರೀತು.