ಜಲಜನಕದ ಕಾರು: ಹೊಗೆ ಹೋಯಿತೆಲ್ಲಿಗೆ?

ಹೈಡ್ರೋಜನ್ನಿಗೆ ನಿಮ್ಮ ತಂದೆ ತಾಯಿ ಊರಿನ ಕನ್ನಡ ಶಾಲೆಯಲ್ಲಿ ಕಲಿತ ಹೆಸರು ‘ಜಲಜನಕ’. ನೀರನ್ನು ಹುಟ್ಟಿಸುವಂಥದು ಎಂದು ಅರ್ಥ. ಹೈಡ್ರೋಜನ್ ಕಾರಿನ ಗುಟ್ಟೂ ಈ ಹೆಸರಿನಲ್ಲೇ ಇದೆ. ಟ್ಯಾಂಕಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ‘ಫ್ಯೂಯೆಲ್ ಸೆಲ್’ ಎಂಬ ಇಂಧನಕೋಶದಲ್ಲಿ ಕೂಡುತ್ತದೆ. ಆಗ ಹುಟ್ಟುವ ವಿದ್ಯುತ್ತು ಮೋಟಾರನ್ನು ತಿರುಗಿಸುತ್ತದೆ. ಹಿಂದಿನ ಕೊಳವೆಯಿಂದ ಹೊರಬೀಳುವುದು ಬರೀ ನೀರು.

ಜಪಾನಿನ ಟೊಯೋಟ ಕಂಪನಿ 2014ರಲ್ಲಿ ಇಂಥದೊಂದು ಕಾರನ್ನು ಮಾರುಕಟ್ಟೆಗೆ ತಂದು ‘ಮಿರಾಯ್’ ಎಂದು ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ಅದಕ್ಕೆ ‘ಭವಿಷ್ಯ’ ಎಂದರ್ಥ. 2022ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಇದೇ ಕಾರಿನಲ್ಲಿ ದೆಹಲಿಯ ಸಂಸತ್ ಭವನಕ್ಕೆ ಬಂದಿದ್ದು ಕೆಲವರಿಗಾದರೂ ನೆನಪಿರಬಹುದು. ನಮ್ಮ ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೋಟ ಕಿರ್ಲೋಸ್ಕರ್ ಕಂಪನಿ ಅದನ್ನು ಭಾರತದ ರಸ್ತೆಗಳಲ್ಲಿ ಪರೀಕ್ಷಿಸಲು ಮುಂದಾಗಿತ್ತು. ಟ್ಯಾಂಕು ತುಂಬಲು ಸುಮಾರು ಐದು ನಿಮಿಷ. ಒಂದು ಕಿಲೋ ಜಲಜನಕಕ್ಕೆ ಸುಮಾರು 100 ಕಿಲೋಮೀಟರ್ ಓಟ.

ಹಾಗಾದರೆ ಪೆಟ್ರೋಲಿಗೆ ಇಂದೇ ಕೈಮುಗಿದುಬಿಡೋಣವೇ? ಸ್ವಲ್ಪ ತಾಳಿ, ಮೊದಲು ಲೆಕ್ಕ ಹಾಕೋಣ.

ಲೀಟರಿಗೆ 16 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 100 ಕಿಲೋಮೀಟರ್ ಓಡಿದರೆ ಸುಮಾರು 14 ಕಿಲೋ ಇಂಗಾಲದ ಡೈ ಆಕ್ಸೈಡ್ ಉಗುಳುತ್ತದೆ. ಜಲಜನಕದ ಕಾರು ತಾನಾಗಿ ಏನನ್ನೂ ಉಗುಳದು, ನಿಜ. ಆದರೆ ಜಲಜನಕವನ್ನು ತಯಾರಿಸಬೇಕಲ್ಲ! ಜಗತ್ತಿನ ಬಹುಪಾಲು ಜಲಜನಕ ಇಂದಿಗೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತದೆ. ಅನಿಲದಿಂದ ಒಂದು ಕಿಲೋ ತಯಾರಿಸುವಾಗ ಕಾರ್ಖಾನೆಯಿಂದ 9-10 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ವಿದ್ಯುತ್ತಿನಿಂದ ನೀರನ್ನು ಒಡೆದೂ ಜಲಜನಕ ಪಡೆಯಬಹುದು. ಅದಕ್ಕೆ ಕಿಲೋಗೆ ಸುಮಾರು 55 ಯೂನಿಟ್ ಬೇಕು. ನಮ್ಮ ದೇಶದ ಹೆಚ್ಚಿನ ವಿದ್ಯುತ್ತು ಕಲ್ಲಿದ್ದಲಿನದು. ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ 38 ಕಿಲೋ ಆಯಿತು, ಪೆಟ್ರೋಲಿನ ಎರಡೂವರೆ ಪಟ್ಟಿಗೂ ಹೆಚ್ಚು!

ಬಿಸಿಲು, ಗಾಳಿಗಳ ವಿದ್ಯುತ್ತನ್ನು ಬಳಸಿದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅದೇ ‘ಹಸಿರು ಜಲಜನಕ’. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿಯಿಟ್ಟು ಭಾರತ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿ ಕಾರಿಗೆ ತುಂಬಿಸಿದರೆ ಅದು 300 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಜಲಜನಕವಾಗಿ ಮಾಡಿ, ಒತ್ತಿ ತುಂಬಿ, ಮತ್ತೆ ವಿದ್ಯುತ್ತಾಗಿ ಮಾಡುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ದಾರಿ ಕಳೆದುಹೋಗಿರುತ್ತದೆ. ತುಂಬಿಸುವ ಪಂಪುಗಳೂ ದುಬಾರಿ. ಕ್ಯಾಲಿಫೋರ್ನಿಯದಲ್ಲಿ ಶೆಲ್ ಕಂಪನಿ 2024ರಲ್ಲಿ ಕಾರುಗಳಿಗಾಗಿ ಇಟ್ಟಿದ್ದ ತನ್ನ ಜಲಜನಕ ಪಂಪುಗಳನ್ನು ಮುಚ್ಚಿಬಿಟ್ಟಿತು.

ಹಾಗೆಂದು ಜಲಜನಕವನ್ನು ತಳ್ಳಿಹಾಕುವಂತಿಲ್ಲ. ಗೊಬ್ಬರ, ಉಕ್ಕಿನ ಕಾರ್ಖಾನೆಗಳಿಗೆ, ಬಹುಶಃ ದೂರ ಓಡುವ ಲಾರಿ, ಬಸ್ಸುಗಳಿಗೆ ಅದು ಬೇಕಾದೀತು. ಇಂಡಿಯನ್ ಆಯಿಲ್ 2023ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಇಂಥ ಬಸ್ಸುಗಳ ಪ್ರಯೋಗ ಆರಂಭಿಸಿತು. ಮನೆಯ ಪುಟ್ಟ ಕಾರಿಗಾದರೆ ಸದ್ಯಕ್ಕೆ ಬ್ಯಾಟರಿಯೇ ಲೇಸು.

ನಿಮ್ಮಲ್ಲಿ ಹಲವರು ಇಂದೋ ನಾಳೆಯೋ ಮನೆಗೆ ಹೊಸ ಕಾರು ತರುವವರು. ‘ಹೊಗೆಯೇ ಇಲ್ಲ’ ಎಂಬ ಜಾಹೀರಾತು ಕಂಡಾಗ ಒಂದು ಪ್ರಶ್ನೆ ಕೇಳಿ: ಇದರೊಳಗಿನ ಶಕ್ತಿ ಬಂದದ್ದು ಎಲ್ಲಿಂದ?