ಮಾತು ಬರೆದವರು ಯಾರು?

ಗೆಳೆಯರೇ, ಸಿನಿಮಾ ನೋಡಿ ಬಂದ ಮೇಲೆ ಹೀರೋ ಹೆಸರು ಹೇಳ್ತೀವಿ, ವಿಲನ್ ಹೆಸರೂ ಹೇಳ್ತೀವಿ. ಅವರ ಬಾಯಲ್ಲಿ ಬಂದ ಮಾತನ್ನು ಬರೆದವರು ಯಾರು ಅಂದರೆ ಸುಮ್ಮನಾಗ್ತೀವಿ. ನನಗೂ ಗೊತ್ತಿರಲಿಲ್ಲ.

ಡಾ. ರಾಜ್‌ಕುಮಾರ್ ಅವರ ಎಷ್ಟೋ ಚಿತ್ರಗಳಿಗೆ ಮಾತು, ಹಾಡು ಬರೆದವರು ಚಿ. ಉದಯಶಂಕರ್. ಹುಟ್ಟಿದ್ದು 1934ರಲ್ಲಿ. ‘ಚಿ.’ ಎಂದರೆ ಚಿಟ್ಟನಹಳ್ಳಿ. ಇವರ ತಂದೆ ಚಿ. ಸದಾಶಿವಯ್ಯನವರೂ ಸಿನಿಮಾಕ್ಕೆ ಬರೆಯುತ್ತಿದ್ದರು. 1963ರ ‘ಸಂತ ತುಕಾರಾಂ’ ಚಿತ್ರದಿಂದ ಮಗನೂ ಬರೆಯತೊಡಗಿದರು. ‘ಗಂಧದ ಗುಡಿ’ (1973), ‘ಶಂಕರ್ ಗುರು’ (1978) ಚಿತ್ರಗಳ ಮಾತು ಇವರದೇ. ಸಣ್ಣಪುಟ್ಟ ಪಾತ್ರಗಳನ್ನೂ ಮಾಡಿದರು. 1993ರಲ್ಲಿ ತೀರಿಕೊಂಡರು.

ಸಿನಿಮಾ ಬರೆಯುವುದರಲ್ಲಿ ಮೂರು ಕೆಲಸ ಇವೆ. ಏನು ನಡೆಯಿತು ಎಂಬುದು ಕಥೆ. ಯಾವ ದೃಶ್ಯ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದು ಚಿತ್ರಕಥೆ. ಯಾರು ಏನು ಮಾತಾಡಬೇಕು ಎಂಬುದು ಸಂಭಾಷಣೆ. ‘ಕಸ್ತೂರಿ ನಿವಾಸ’ (1971) ಚಿತ್ರದ ಕಥೆ ಜಿ. ಬಾಲಸುಬ್ರಹ್ಮಣ್ಯಂ ಅವರದು, ಕನ್ನಡದ ಮಾತು ಉದಯಶಂಕರ್ ಅವರದು. ಅದರಲ್ಲಿ ಎಲ್ಲವನ್ನೂ ಕೊಟ್ಟು ಬಡವನಾದ ನಾಯಕ, ಮನೆಗೆ ಬಂದವರಿಗೆ ಊಟ ಹಾಕಲು ತಾನು ಸಾಕಿದ ಪಾರಿವಾಳವನ್ನೇ ಮಾರುತ್ತಾನೆ. ಅವರು ಕೇಳಲು ಬಂದದ್ದೂ ಅದೇ ಪಾರಿವಾಳವನ್ನು! ಇಂಥ ಕಡೆ ಮಾತು ಒಂದು ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಅರಸೀಕೆರೆಯ ನಮ್ಮಜ್ಜಿ ಟಿ.ವಿ.ಯಲ್ಲಿ ಇದನ್ನು ನೋಡುವಾಗ ಪ್ರತಿ ಸಲ ಸೆರಗಿನಿಂದ ಕಣ್ಣು ಒರೆಸಿಕೊಳ್ತಾರೆ.

ಹೋದ ವರ್ಷ ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗಿದ್ದೆವಲ್ಲ, ನೆನಪಿದೆಯಾ? ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರು ಇರುವುದನ್ನು ಮೇಷ್ಟ್ರು ತೋರಿಸಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ಕೆಲಸ ಮಾಡಿದವರು. ಅವರೂ ತಂದೆ ಮಗ, ಇವರೂ ತಂದೆ ಮಗ! ಆ ದೇವಸ್ಥಾನ 1117ರದು. ಕಲ್ಲಿನ ಮೇಲೆ ಹೆಸರು ಇರುವುದರಿಂದ ಇವತ್ತಿಗೂ ಅವರು ಯಾರೆಂದು ಗೊತ್ತಾಗುತ್ತದೆ. ಸಿನಿಮಾದಲ್ಲೂ ಬರೆದವರ ಹೆಸರು ಬರುತ್ತದೆ. ಆದರೆ ಆಗ ನಾವು ಜಾಗ ಹಿಡಿಯುತ್ತಾ ಗಲಾಟೆ ಮಾಡ್ತಿರ್ತೀವಿ.

ಒಂದು ಸಲ ನಾಟಕಕ್ಕೆ ಮಾತು ಬರೆದುಕೊಟ್ಟೆ. ಮೈಕಿನಲ್ಲಿ ಪಾತ್ರ ಮಾಡಿದವರ ಹೆಸರೆಲ್ಲ ಹೇಳಿದರು, ನನ್ನದು ಬಿಟ್ಟುಹೋಯಿತು. ಯಾರಿಗೂ ಹೇಳಲಿಲ್ಲ, ಆದರೆ ಬೇಜಾರಾಯಿತು. ಜನ ಮಾತ್ರ ನಾನು ಬರೆದ ಮಾತಿಗೇ ನಕ್ಕಿದ್ದರು.

ಅದಕ್ಕೇ ಕೇಳ್ತೀನಿ, ಇನ್ನು ಮೇಲೆ ಸಿನಿಮಾ ಶುರುವಾಗುವಾಗ ಒಂದು ನಿಮಿಷ ಸುಮ್ಮನೆ ಕೂತು ‘ಸಂಭಾಷಣೆ’ ಎಂಬ ಅಕ್ಷರದ ಮುಂದೆ ಯಾರ ಹೆಸರಿದೆ ಓದಿ. ನಮ್ಮ ಮುಂದಿನ ನಾಟಕಕ್ಕೆ ಬೋರ್ಡಿನ ಮೇಲೆ ಬರೆದವರ ಹೆಸರನ್ನೂ ಹಾಕೋಣ. ಅದು ಯಾರೇ ಆಗಿರಲಿ.

– 7ನೇ ತರಗತಿ